ಸಣ್ಣ ಡೆಸ್ಕ್‌ಟಾಪ್‌ಗೆ ಇನ್ನೊಂದು ಎಸ್‌ಎಸ್‌ಡಿ: ಎನ್‌ವಿಎಂಇ ಬೇಕಾ, ಸಾಟಾ ಸಾಕಾ?

ಕುಂಬಳೆ, ಬದಿಯಡ್ಕ ಕಡೆ ಅಂಗಡಿ ಲೆಕ್ಕಕ್ಕೆ, ಡಿಟಿಪಿಗೆ ಸಣ್ಣ ಡೆಸ್ಕ್‌ಟಾಪ್ ಇಟ್ಟುಕೊಂಡವರು ಇದ್ದೀರಲ್ವಾ? ಜಾಗ ತುಂಬಿತು ಅಂತ ಹೊಸ ಕಂಪ್ಯೂಟರ್ ತರಬೇಡಿ. ಇನ್ನೊಂದು ಎಸ್‌ಎಸ್‌ಡಿ (ಫೈಲ್‌ಗಳನ್ನು ಚಿಪ್‌ಗಳಲ್ಲಿ ಇಡುವ ಡ್ರೈವ್) ಸಾಕು. ಅದರಲ್ಲಿ ಎರಡು ಬಗೆ: ಸಾಟಾ ಅಂದರೆ ಹಳೆಯ ಬಗೆಯ ಸಂಪರ್ಕದ್ದು, ಎನ್‌ವಿಎಂಇ ಅಂದರೆ ಹೊಸ ಬಗೆಯದ್ದು.

ವೇಗದಲ್ಲಿ ಎನ್‌ವಿಎಂಇ ಬಹಳ ಮುಂದೆ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಪಿಸಿಐಇ 3.0 (ಬೋರ್ಡಿನಲ್ಲಿ ಡೇಟಾ ಓಡುವ ವೇಗದ ದಾರಿ) ಬಳಸುವ ಒಳ್ಳೆಯ ಎನ್‌ವಿಎಂಇ 3,500 ಎಂಬಿವರೆಗೆ ಓದುತ್ತದೆ. ಆದರೆ ಬಿಲ್ಲು, ಫೋಟೊ, ಪಿಡಿಎಫ್ ಇಡೋಕೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವವರಾದರೆ ಎನ್‌ವಿಎಂಇಯನ್ನೇ ಹಾಕಿ. ಅದು ಬಿಸಿಯೂ ಜಾಸ್ತಿ ಆಗುತ್ತದೆ, ನಮ್ಮ ಏಪ್ರಿಲ್ ಸೆಕೆಯಲ್ಲಿ ಗಾಳಿಯಾಡುವ ಕಡೆ ಪೆಟ್ಟಿಗೆ ಇಡಿ.

ಕೊಳ್ಳುವ ಮೊದಲು ಮುಚ್ಚಳ ತೆಗೆದು ನೋಡಲೇಬೇಕು. ಇರುವ ಒಂದೇ ಎಂ.2 ಸ್ಲಾಟ್‌ನಲ್ಲಿ (ತೆಳು ಕಾರ್ಡಿನಂಥ ಎಸ್‌ಎಸ್‌ಡಿ ನೇರ ಬೋರ್ಡಿಗೆ ಕೂರುವ ಜಾಗ) ವಿಂಡೋಸ್ ಡ್ರೈವ್ ಕೂತಿದ್ದರೆ 2.5 ಇಂಚಿನ ಸಾಟಾವೇ ದಾರಿ. ಅದಕ್ಕೆ ಡೇಟಾ, ಪವರ್ ಎರಡೂ ಕೇಬಲ್ ಬೇಕು. ಕೆಲವು ಪುಟ್ಟ ಪೆಟ್ಟಿಗೆಗಳಿಗೆ ಆ ಮಾಡೆಲ್‌ನದ್ದೇ ಚಪ್ಪಟೆ ಕೇಬಲ್ ಆಗಬೇಕು. ಎಂ.2 ಖಾಲಿ ಇದ್ದರೆ ಅಳತೆ ನೋಡಿ: 2280 ಅಂದರೆ 22 ಮಿಮೀ ಅಗಲ, 80 ಮಿಮೀ ಉದ್ದ. ವೈಫೈ ಕಾರ್ಡಿನ ಚಿಕ್ಕ ಸ್ಲಾಟ್ ಬೇರೆ, ಅದಕ್ಕೆ ಎಸ್‌ಎಸ್‌ಡಿ ಹೊಂದುವುದಿಲ್ಲ. ಎಸ್‌ಎಸ್‌ಡಿ ಕಾರ್ಡನ್ನು ಎಂ.2 ಸ್ಲಾಟಿಗೆ ಓರೆಯಾಗಿ ತೂರಿಸಿ, ಮೆಲ್ಲ ಕೆಳಗೆ ಒತ್ತಿ, ಸ್ಕ್ರೂ ಬಿಗಿಯಿರಿ. ಆ ಪುಟ್ಟ ಸ್ಕ್ರೂ ಎಷ್ಟೋ ಸಲ ಡ್ರೈವ್ ಜೊತೆ ಬರುವುದಿಲ್ಲ, ಬೋರ್ಡಿನಲ್ಲಿ ಇಲ್ಲದಿದ್ದರೆ ಅಂಗಡಿಯಲ್ಲೇ ಕೇಳಿ ತನ್ನಿ.