ಒಂದೇ ಎಂಜಿನ್, ಎರಡು ದಾರಿ: ಭಾವನ ಜೆಟ್ ಸ್ಕೀ, ನನ್ನ ಜೆಟ್ ಸ್ಕೀ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ಭಾವನ ಜೆಟ್ ಸ್ಕೀ, ಅಂದರೆ ನೀರಿನ ಮೇಲೆ ಓಡುವ ಬೈಕಿನಂಥ ಗಾಡಿ, ಗಂಟೆಗೆ 71 ಕಿಲೋಮೀಟರ್, ನನ್ನದು 64. ಕಾಳಿ ನದಿಯ ಅಳಿವೆಯಲ್ಲಿ, ಬೆಳಿಗ್ಗೆ ಗಾಳಿ ಏಳುವ ಮೊದಲು, ಫೋನಿನ ಜಿಪಿಎಸ್‌ನಲ್ಲಿ ಅಳೆದದ್ದು. ಈ ಏಳು ಕಿಲೋಮೀಟರಿಗಾಗಿ ಭಾವ ಸುರಿದ ದುಡ್ಡೆಷ್ಟು ಎಂದು ಅಕ್ಕನಿಗೆ ಇನ್ನೂ ಗೊತ್ತಿಲ್ಲ. ಹಾಗಾಗಿ ಆ ಅಂಕಿ ಮಾತ್ರ ಇಲ್ಲಿ ಬರೆಯುವುದಿಲ್ಲ.

ಎರಡೂ ಯಮಹಾದ 701 ಸಿಸಿ, ಎರಡು ಸಿಲಿಂಡರಿನ ಟೂ ಸ್ಟ್ರೋಕ್. ಬೋರ್ (ಸಿಲಿಂಡರಿನ ಒಳ ಅಗಲ) 81 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 68. ಕಾರ್ಬೊರೇಟರಿನ ಕಾಲದ್ದು, ಕಂಪ್ಯೂಟರಿನ ರಗಳೆಯಿಲ್ಲ. ಬೈಕು ಬಿಚ್ಚಿ ಗೊತ್ತಿದ್ದವನಿಗೆ ಇದನ್ನೂ ಬಿಚ್ಚುವ ಧೈರ್ಯ ಬರುತ್ತದೆ. ಒಂದೇ ಕಡೆ, ಜೋಡಿಯಾಗಿ, ಗುಜರಿ ಬೆಲೆಗೆ ಸಿಕ್ಕವು. ಒಂದು ಬಂಡೆಗೆ ಬಡಿದು ತಳ ಸೀಳಿಸಿಕೊಂಡಿತ್ತು, ಎಂಜಿನ್ ಮಾತ್ರ ಗಟ್ಟಿ. ಇನ್ನೊಂದು ಉಪ್ಪುನೀರಲ್ಲಿ ಮುಳುಗಿತ್ತು. ಎತ್ತಿದ ದಿನವೇ ಪ್ಲಗ್ ಬಿಚ್ಚಿ, ತಿರುಗಿಸಿ, ನೀರು ಉಗುಳಿಸಿ, ಎಣ್ಣೆ ಹಾಕಿ ಓಡಿಸಿದ್ದರೆ ಅದು ಬದುಕುತ್ತಿತ್ತು. ಯಾರೂ ಮಾಡದೆ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ್ದರು. ಭಾವ ವಯಸ್ಸಿನಲ್ಲಿ ದೊಡ್ಡವರು, ಒಳ್ಳೆಯ ಎಂಜಿನ್ ಅವರ ಪಾಲಿಗೆ ಹೋಯಿತು. ಒಳ್ಳೆಯ ತಳ ನನಗೆ ಬಂತು.

ಅವರ ಹಟ: ಇದ್ದ ಎಂಜಿನಿನಿಂದ ಎಷ್ಟು ಶಕ್ತಿ ಹಿಂಡಬಹುದೋ ಅಷ್ಟೂ ಹಿಂಡುವುದು. ನನ್ನದು: ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆ ಮಾಡುವುದು.

ತಳದ ಕತೆಯಿಂದ ಶುರುಮಾಡುತ್ತೇನೆ, ಅಲ್ಲೂ ಎರಡು ದಾರಿ ನೋಡಿದೆವು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಬೋಟುಗಳೆಲ್ಲ ದಡಕ್ಕೆ ಬಂದಿರುತ್ತವೆ, ಕಾರವಾರದ ಮೀನುಗಾರಿಕೆ ಬಂದರು ಬೈತಖೋಲಿನ ಫೈಬರ್ ಕೆಲಸದವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹೇಗೋ ಒಬ್ಬರನ್ನು ಒಪ್ಪಿಸಿ, ದೋಣಿಗೆ ಹಾಕುವ ಪಾಲಿಯೆಸ್ಟರ್ ರೆಸಿನ್ನನ್ನೇ (ಗಟ್ಟಿಯಾಗುವ ಅಂಟು) ಫೈಬರ್ ಎಳೆಗಳ ಮ್ಯಾಟಿನ ಜೊತೆ ಹಾಕಿಸಿದೆವು. ಕೈಕೆಲಸ ಅಚ್ಚುಕಟ್ಟು. ಮೂರನೇ ವಾರಕ್ಕೆ ತೇಪೆ ಇಡಿಯಾಗಿ ಎದ್ದು ಬಂತು, ಕಾದ ಕಾವಲಿಯಿಂದ ದೋಸೆ ಎದ್ದ ಹಾಗೆ, ಕೆಳಗೆ ಒಂದು ಎಳೆಯೂ ಅಂಟಿರಲಿಲ್ಲ. ತಪ್ಪು ಅವರದಲ್ಲ. ಅವರ ದೋಣಿಗಳು ಕೈಯಲ್ಲಿ ಹಾಸಿದ ಪಾಲಿಯೆಸ್ಟರ್ ಫೈಬರಿನವು, ಅದಕ್ಕೆ ಆ ರೆಸಿನ್ ಒಗ್ಗುತ್ತದೆ. ನಮ್ಮ ಗಾಡಿಯ ತಳ ಎಸ್‌ಎಂಸಿ, ಅಂದರೆ ಕಾರ್ಖಾನೆಯಲ್ಲಿ ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದದ್ದು. ಅದರ ಮೇಲೆ ಪಾಲಿಯೆಸ್ಟರ್ ಕಚ್ಚಿಕೊಳ್ಳುವುದಿಲ್ಲ.

ಎರಡನೇ ಸಲ ಎಪಾಕ್ಸಿ ರೆಸಿನ್. ಸೀಳಿನ ಅಂಚನ್ನು ಗ್ರೈಂಡರಿನಲ್ಲಿ ಇಳಿಜಾರಾಗಿ ತೇಯ್ದೆವು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ: 5 ಮಿ.ಮೀ. ದಪ್ಪಕ್ಕೆ 60 ಮಿ.ಮೀ. ಮ್ಯಾಟ್ ಬಿಟ್ಟು ನೇಯ್ದ ಬಟ್ಟೆ ಹಾಕಿದೆವು. ಕತ್ತರಿಸಿದ ಎಳೆಗಳ ಮ್ಯಾಟನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗುವುದಿಲ್ಲ. ಜುಲೈ ತಿಂಗಳ ಕಾರವಾರದ ತೇವಕ್ಕೆ ಪ್ರತಿ ಪದರದ ಮೇಲೂ ಜಿಡ್ಡಿನಂಥ ಪೊರೆ ಕಟ್ಟುತ್ತಿತ್ತು. ಪಾತ್ರೆ ತಿಕ್ಕುವ ಹಸಿರು ನಾರಿನಲ್ಲಿ ನೀರು ಹಾಕಿ ಉಜ್ಜಿ, ಒಣಗಿಸಿ, ಮುಂದಿನ ಪದರ. ಎರಡು ದೊಡ್ಡ ಬಲ್ಬು ಹಗಲೂ ರಾತ್ರಿ ಉರಿದವು. ಖರ್ಚು ಮೂರು ಪಟ್ಟಾದರೂ ಆ ತೇಪೆ ಇವತ್ತಿಗೂ ಕೂದಲೆಳೆಯಷ್ಟು ಅಲುಗಿಲ್ಲ. ಇಲ್ಲಿ ಹೋಲಿಕೆ ಮಾಡುವಂಥದ್ದೇ ಇಲ್ಲ, ಎಪಾಕ್ಸಿಯೇ ಸೈ.

ಎಂಜಿನಿನಲ್ಲಿ ತೀರ್ಪು ಅಷ್ಟು ಸಲೀಸಾಗಿ ಬರಲಿಲ್ಲ.

ನನ್ನದು ತೆರೆದಾಗ ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡ) ಬೇರಿಂಗುಗಳು ತುಕ್ಕಿನ ಉಂಡೆ, ಸಿಲಿಂಡರ್ ಗೋಡೆಯ ತುಂಬ ಸಿಡುಬಿನ ಕಲೆ. ಈ ಕ್ರ್ಯಾಂಕು ಒಂದೇ ತುಂಡಲ್ಲ, ಪ್ರೆಸ್ಸಿನಲ್ಲಿ ಒತ್ತಿ ಜೋಡಿಸಿದ್ದು. ಬೇರಿಂಗ್ ಬದಲಿಸಲು ಪೂರ್ತಿ ಬಿಚ್ಚಿ ಮತ್ತೆ ಒತ್ತಿ ಸರಳ ರೇಖೆಗೆ ತರಬೇಕು. ಗೋಣಿಚೀಲದಲ್ಲಿ ಕಟ್ಟಿ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಒಯ್ದೆ. ಮೊದಲ ಲೇತಿನವರು ‘ಆಯ್ತು ತಗೊಳ್ರಿ’ ಎಂದು ಕೊಟ್ಟದ್ದನ್ನು ಮನೆಗೆ ತಂದು ಡಯಲ್ ಗೇಜ್ ಇಟ್ಟರೆ ಓಲಾಟ 0.14 ಮಿ.ಮೀ.! ಮಿತಿ ಇರುವುದು 0.05. ಮತ್ತೆ ಘಟ್ಟ ಹತ್ತಿದೆ. ಎರಡನೇ ಕಡೆ ಒಬ್ಬ ಹಿರಿಯರು ತಾಮ್ರದ ಸುತ್ತಿಗೆಯಿಂದ ಅಲ್ಲೊಂದು ಇಲ್ಲೊಂದು ಏಟು ಕೊಡುತ್ತ, ನಡುವೆ ಚಹಾ ಕುಡಿಯುತ್ತ, ಅದನ್ನು 0.03ಕ್ಕೆ ತಂದು ನಿಲ್ಲಿಸಿದರು. ಸಿಲಿಂಡರಿನ ಕಲೆ ಹೋಗಬೇಕಾದರೆ 82 ಮಿ.ಮೀ.ವರೆಗೆ ಬೋರ್ ಮಾಡಿಸಬೇಕಾಯಿತು. ಲೆಕ್ಕ ಹಾಕಿದರೆ 718 ಸಿಸಿ. ‘ಮಾಮೂಲಿ’ ಎಂದು ಕಟ್ಟಿದ ನನ್ನ ಎಂಜಿನ್ ಭಾವನ ‘ರೇಸಿಂಗ್’ ಎಂಜಿನಿಗಿಂತ 17 ಸಿಸಿ ದೊಡ್ಡದಾಯಿತು. ಇದನ್ನು ಅವರೆದುರು ಹೇಳದೆ ಒಂದು ದಿನವೂ ಕಳೆದಿಲ್ಲ.

ಭಾವ ತರಿಸಿದ್ದು ಡೋಮ್ (ಸಿಲಿಂಡರಿನ ಮೇಲಿನ ಗುಳಿ, ಅದು ಚಿಕ್ಕದಾದಷ್ಟೂ ಒತ್ತಡ ಹೆಚ್ಚು) ಬದಲಿಸಬಹುದಾದ ಹೆಡ್, ಅಂದರೆ ಸಿಲಿಂಡರಿನ ಮುಚ್ಚಳ, ಅದಕ್ಕೆ 33 ಸಿಸಿಯ ಡೋಮ್, ದೊಡ್ಡ ಕಾರ್ಬೊರೇಟರ್, ಹೊಸ ರೀಡ್ ವಾಲ್ವ್. ನನ್ನದರಲ್ಲಿ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಎರಡೂ ಸಿಲಿಂಡರಿಗೆ 145 ಪಿಎಸ್‌ಐ ತೋರಿಸಿದರೆ ಅವರದರಲ್ಲಿ 188. ಜೋಡಿಸಿದ ಮೇಲೆ ಎರಡಕ್ಕೂ ಸೋರಿಕೆ ಪರೀಕ್ಷೆ ಮಾಡಿದೆವು: ಕಾರ್ಬೊರೇಟರ್ ಮತ್ತು ಸೈಲೆನ್ಸರ್ ಬಾಯಿ ಮುಚ್ಚಿ, ಬಿಪಿ ನೋಡುವ ಹಳೆಯ ಪಂಪಿನಿಂದ ಮುಳ್ಳು 300ರ ಹತ್ತಿರ ಬರುವವರೆಗೆ ಗಾಳಿ ತುಂಬಿ, ಸೋಪಿನ ನೀರು ಬಳಿಯುವುದು. ಭಾವನ ಎಂಜಿನಿನಲ್ಲಿ ಕ್ರ್ಯಾಂಕ್ ಸೀಲಿನ ಹತ್ತಿರ ಸಣ್ಣ ಗುಳ್ಳೆ ಎದ್ದಿತು. ‘ಅಷ್ಟಕ್ಕೆಲ್ಲ ಏನಾಗ್ತದೋ ಮಾರಾಯ’ ಎಂದರು. ಟೂ ಸ್ಟ್ರೋಕಿನಲ್ಲಿ ಅಷ್ಟೇ ಸಾಕು. ಅಲ್ಲಿಂದ ಗಾಳಿ ಒಳಗೆ ಹೋಗಿ ಮಿಶ್ರಣ ತೆಳುವಾದರೆ ಪಿಸ್ಟನ್ ಕರಗುತ್ತದೆ. ಸೀಲ್ ಬದಲಿಸಿಯೇ ಬಿಟ್ಟೆ.

ಮಳೆ ಮುಗಿದು ಸಮುದ್ರ ತಿಳಿಯಾದ ಮೇಲೆ ಮೊದಲ ಪಂದ್ಯ. ಬೇಲೆಯ (ಕಡಲತೀರದ) ಜನರಿಂದ ದೂರ, ದೇವಬಾಗದ ಎದುರಿನ ಹರವಿನಲ್ಲಿ. (ಹಳೆಯ ಕಾಳಿ ಸೇತುವೆ 2024ರ ಆಗಸ್ಟಿನಲ್ಲಿ ಕುಸಿದಂದಿನಿಂದ ಸೇತುವೆಯ ಮಗ್ಗುಲಿಗೆ ನಾನು ಹೋಗುವುದಿಲ್ಲ. ದಕ್ಷಿಣಕ್ಕೆ ನೌಕಾನೆಲೆ, ಅತ್ತ ಮುಖ ಹಾಕುವಂತೆಯೇ ಇಲ್ಲ.) ಭಾವನ ಎಂಜಿನ್ ಕೂಗಿದ ಕೂಗಿಗೆ ದಡದ ಕೊಕ್ಕರೆಗಳೆಲ್ಲ ಹಾರಿದವು. ಗೆದ್ದದ್ದು ನಾನು!

ಕಾರಣ ಎಂಜಿನಿನಲ್ಲಿರಲಿಲ್ಲ, ಪಂಪಿನಲ್ಲಿತ್ತು. ಜೆಟ್ ಸ್ಕೀಯನ್ನು ತಳ್ಳುವುದು ಒಳಗಿನ ಇಂಪೆಲ್ಲರ್ ಹಿಂದಕ್ಕೆ ಚಿಮ್ಮುವ ನೀರು. ಇಂಪೆಲ್ಲರಿಗೂ ಅದರ ಸುತ್ತಲಿನ ವೇರ್ ರಿಂಗಿಗೂ ನಡುವಿನ ಸಂದು ಹೆಚ್ಚಾದರೆ ನೀರು ಅಲ್ಲೇ ಹಿಂದಕ್ಕೆ ಜಾರುತ್ತದೆ, ಎಂಜಿನ್ ಬರಿದೇ ಅರಚುತ್ತದೆ. ಕಾಳಿಯ ಅಳಿವೆಯಲ್ಲಿ ಮರಳದಿಬ್ಬ ಎಲ್ಲಿಂದೆಲ್ಲಿಗೆ ಸರಿಯುತ್ತದೆಂದು ಹೇಳಲಾಗದು. ಒಂದೆರಡು ಸಲ ಮರಳು ಎಳೆದುಕೊಂಡರೆ ರಿಂಗ್ ಸವೆಯಿತೆಂದೇ ಲೆಕ್ಕ. ಫೀಲರ್ ಗೇಜಿನಲ್ಲಿ ಭಾವನ ಗಾಡಿಯ ಸಂದು 0.9 ಮಿ.ಮೀ. ನಾನು ಹೊಸ ರಿಂಗ್ ಹಾಕಿ 0.3ಕ್ಕೆ ತಂದಿದ್ದೆ. ಅದೊಂದರಿಂದಲೇ ನನ್ನ ಗಾಡಿ 58ರಿಂದ 64ಕ್ಕೆ ಏರಿತ್ತು. ಭಾವ ಎಂಜಿನಿಗೆ ಮಾಡಿದ ಖರ್ಚಿನ ಮುಂದೆ ಆ ರಿಂಗಿನ ಬೆಲೆ ಏನೂ ಅಲ್ಲ.

ಭಾವನೂ ಹೊಸ ರಿಂಗು, ಸ್ಟೀಲ್ ಇಂಪೆಲ್ಲರ್ ಹಾಕಿಸಿದರು. 74 ಬಂತು. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ನಿಂತಲ್ಲಿಂದ ಎಕ್ಸಲರೇಟರ್ ಒತ್ತಿದರೆ ತೋಳು ಕಿತ್ತುಬರುವಂಥ ಎಳೆತ, ನನ್ನದರಲ್ಲಿ ಅದು ಎಂದೂ ಸಿಗದು. ಇಪ್ಪತ್ತು ನಿಮಿಷ ಪೂರ್ತಿ ಒತ್ತಿದರೆ ನನ್ನದು 8 ಲೀಟರ್ ಕುಡಿದರೆ ಅವರದು 11.

ಹನ್ನೊಂದು ಗಂಟೆ ಓಡಿದ ಮೇಲೆ ಪ್ಲಗ್ ತೆಗೆದು ನೋಡಿದೆವು. ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆಗಳು, ನಡುವೆ ಹೊಳೆಯುವ ಅಲ್ಯೂಮಿನಿಯಂ ಕಣ. ಒತ್ತಡ ಇಷ್ಟು ಏರಿದಾಗ ಸ್ಪಾರ್ಕಿನ ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ, ಏಟು ಬೀಳುವುದು ಪಿಸ್ಟನ್ನಿನ ಅಂಚಿಗೆ. ಕಾರಿನಲ್ಲಾದರೆ ಕಟಕಟ ಕೇಳಿಸೀತು. ನೀರಿನ ಮೇಲೆ ಈ ಅರಚಾಟದಲ್ಲಿ ಏನೂ ಕೇಳದು. ಹೆಡ್ ತೆರೆದರೆ ಅಂಚು ಇಲಿ ಕಡಿದಂತಿತ್ತು. 188 ಪಿಎಸ್‌ಐಗೆ ಮಾಮೂಲಿ ಪಂಪಿನ ಪೆಟ್ರೋಲ್ ಸಾಲದು. 37 ಸಿಸಿ ಡೋಮ್ ಹಾಕಿ 160ಕ್ಕೆ ಇಳಿಸಿದೆವು. ಮೊದಲು ಹೇಳಿದ 71 ಆ ನಂತರದ್ದು.

ಉಳಿದದ್ದರಲ್ಲಿ ಇಬ್ಬರದೂ ಒಂದೇ ದಾರಿ. ಆಯಿಲ್ ಪಂಪ್ ನಂಬದೆ ಪೆಟ್ರೋಲಿಗೇ ಎಣ್ಣೆ ಬೆರೆಸುತ್ತೇವೆ, ಲೀಟರಿಗೆ 25 ಎಂ.ಎಲ್. ಮಳೆಗಾಲಕ್ಕೆ ಟ್ಯಾಂಕು ಖಾಲಿ ಮಾಡುತ್ತೇವೆ, ಪೆಟ್ರೋಲಿನಲ್ಲಿರುವ ಎಥೆನಾಲ್ ತೇವ ಎಳೆದುಕೊಂಡು ನೀರು ಅಡಿಗೆ ಕೂರುತ್ತದೆ. ಓಡಿಸಿ ಬಂದ ಮೇಲೆ ಸಿಹಿನೀರಿನಿಂದ ತೊಳೆಯುವಾಗ ಮೊದಲು ಎಂಜಿನ್ ಶುರು, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ, ಆಮೇಲೆ ಎಂಜಿನ್. ತಿರುವುಮುರುವಾದರೆ ನೀರು ಸೈಲೆನ್ಸರಿನಿಂದ ಸಿಲಿಂಡರಿಗೇ ಹೋಗುತ್ತದೆ.

ಹಳೆಯ ಗಾಡಿ ಎಬ್ಬಿಸಲು ಹೊರಟವರು ಕೇಳಿದರೆ ನನ್ನ ಮಾತು ಇಷ್ಟೇ: ಮೊದಲ ದುಡ್ಡು ಕ್ರ್ಯಾಂಕಿಗೆ, ಎರಡನೆಯದು ವೇರ್ ರಿಂಗಿಗೆ. ಕೈಯಲ್ಲಿ ಇನ್ನೂ ಉಳಿದರೆ ಹೆಡ್ಡಿನ ಆಸೆ, ಅದೂ 160 ದಾಟದಂತೆ. ಭಾವ ಇದನ್ನು ಒಪ್ಪುವುದಿಲ್ಲ.

ಕಡಿಸಿಕೊಂಡ ಪಿಸ್ಟನ್ ಬದಲಿಸುವ ನೆವದಲ್ಲಿ ಅವರೂ ಈಗ 82ಕ್ಕೆ ಬೋರ್ ಮಾಡಿಸುವವರಿದ್ದಾರೆ. ಸಿಲಿಂಡರನ್ನು ಗೋಣಿಚೀಲದಲ್ಲಿ ಕಟ್ಟಿ ನನ್ನ ಮನೆಯಲ್ಲಿಟ್ಟಿದ್ದಾರೆ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಯಾರದೋ ಮದುವೆ ಮಾತುಕತೆ ಇದೆ ಎಂದು ಅಕ್ಕನಿಗೆ ಹೇಳಿ ಆಗಿದೆಯಂತೆ. ಜೊತೆಗೆ ನಾನೂ ಹೋಗಬೇಕಂತೆ.