ಕೆಲಸದ ವ್ಯಾಪ್ತಿ ಪತ್ರ: ಮಡಿಕೇರಿಯ ಎಂಜಿನಿಯರಿಂಗ್ ಕಚೇರಿಯೊಂದರ ಸೇವೆ

ಕಾಫಿ ಒಣಗಿಸುವ ಕಣಕ್ಕೆ ಹೊಸದಾಗಿ ಕಾಂಕ್ರೀಟ್ ಹಾಕಿಸಿ, ಅದರ ಹಿಂದಿನ ಬರೆಗೆ (ಕಡಿದಾದ ಮಣ್ಣಿನ ಇಳಿಜಾರಿಗೆ) ತಡೆಗೋಡೆ ಕಟ್ಟಿಸುವ ಕೆಲಸಕ್ಕಾಗಿ ನಾವು ಮಡಿಕೇರಿಯ ಸಣ್ಣ ಎಂಜಿನಿಯರಿಂಗ್ ಕಚೇರಿಯೊಂದರಿಂದ ನಕ್ಷೆ ಮತ್ತು ಅಂದಾಜು ಪಟ್ಟಿಯ ಜೊತೆಗೆ ಗುತ್ತಿಗೆಯಲ್ಲಿ ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ ಎಂದು ತಿಳಿಸುವ ಕೆಲಸದ ವ್ಯಾಪ್ತಿ ಪತ್ರವನ್ನೂ ಬರೆಸಿಕೊಂಡೆವು. ಇದಕ್ಕೆ ಪ್ರತ್ಯೇಕ ಶುಲ್ಕವಿದೆ. ಕೊಟ್ಟ ಹಣ ಸಾರ್ಥಕವಾಯಿತೆಂದು ಕೆಲಸ ಮುಗಿದ ಮೇಲೆ ಖಚಿತವಾಗಿ ಹೇಳಬಲ್ಲೆ.

ಪತ್ರ ಬರೆಯುವ ಮೊದಲು ಎಂಜಿನಿಯರ್ ಜಾಗಕ್ಕೇ ಬಂದು, ಮಳೆನೀರು ಎಲ್ಲಿಂದ ಇಳಿದು ಎತ್ತ ಹರಿಯುತ್ತದೆ, ಕೊಯ್ಲಿನ ಭರದಲ್ಲಿ ಕಣಕ್ಕೆ ಎಷ್ಟು ಕಾಫಿ ಬಂದು ಬೀಳುತ್ತದೆ, ಲಾರಿ ಎಲ್ಲಿಯವರೆಗೆ ಬರಬಲ್ಲದು ಎಂದೆಲ್ಲ ವಿಚಾರಿಸಿದರು. 2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ಕಂಡ ಈ ಜಿಲ್ಲೆಯಲ್ಲಿ ತಡೆಗೋಡೆಯ ಹಿಂದೆ ನೀರು ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಕಲ್ಲು ಸಿಮೆಂಟಿನಷ್ಟೇ ಮುಖ್ಯ. ಹಾಗಾಗಿ ಗೋಡೆಯಲ್ಲಿ ನೀರು ಹೊರಹೋಗಲು ಇಡುವ ಪೈಪುಗಳು, ಅವುಗಳ ಹಿಂದೆ ತುಂಬಬೇಕಾದ ಜಲ್ಲಿ, ಬರೆಯ ಮೇಲಿನ ಚರಂಡಿ ಇವೆಲ್ಲವೂ ಗೋಡೆಯ ಕೆಲಸದೊಳಗೇ ಸೇರಿವೆ ಎಂದು ಬಿಡಿಸಿ ಬರೆದದ್ದು ನನಗೆ ಬಹಳ ಮೆಚ್ಚುಗೆಯಾಯಿತು.

ಅದಕ್ಕಿಂತಲೂ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಸೇರದ ಕೆಲಸಗಳು’ ಎಂಬ ಭಾಗ. ಒಡೆದ ಹಳೆಯ ಕಣದ ಚೂರುಗಳ ಸಾಗಾಟ, ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರವಿರುವ ಕಟ್ಟಡದ) ವೈರಿಂಗ್, ಲಾರಿ ಓಡಾಡಿ ಹಾಳಾದ ದಾರಿಯ ದುರಸ್ತಿ ಇವು ಗುತ್ತಿಗೆಯಲ್ಲಿಲ್ಲವೆಂದು ಮೊದಲೇ ನಮೂದಾಗಿದ್ದರಿಂದ ಬಿಲ್ಲಿನ ಹೊತ್ತಿಗೆ ಗುತ್ತಿಗೆದಾರರೊಂದಿಗೆ ಮಾತು ಬೆಳೆಯಲಿಲ್ಲ. ಗೋಡೆಯನ್ನು ಲೈನ್‌ಮನೆಯ (ತೋಟದ ಕಾರ್ಮಿಕರ ವಸತಿ ಸಾಲಿನ) ಕಡೆಗೆ ಇನ್ನಷ್ಟು ಮುಂದುವರಿಸಬೇಕೆಂದು ನಡುವೆ ನಾವೇ ಕೇಳಿದಾಗ, ಹೆಚ್ಚುವರಿ ಖರ್ಚನ್ನೂ ಬೇಕಾಗುವ ದಿನಗಳನ್ನೂ ಹಾಳೆಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕುವ ತನಕ ಎಂಜಿನಿಯರ್ ಪಾಯ ಅಗೆಯಲು ಬಿಡಲಿಲ್ಲ.

ಕೆಲಸ ಒಪ್ಪಿಸಿಕೊಳ್ಳುವ ಷರತ್ತುಗಳೂ ಸ್ಪಷ್ಟವಾಗಿದ್ದವು. ಕ್ಯೂರಿಂಗ್ (ಕಾಂಕ್ರೀಟ್ ಗಟ್ಟಿಯಾಗಲು ಅದನ್ನು ಒದ್ದೆಯಾಗಿಡುವ ಕೆಲಸ) ಮುಗಿದ ಬಳಿಕ ಕಣಕ್ಕೆ ನೀರು ಬಿಟ್ಟರೆ ಅದು ಪೂರ್ತಿ ಚರಂಡಿಗೆ ಇಳಿಯಬೇಕು, ಎಲ್ಲಿಯೂ ನಿಲ್ಲಬಾರದು ಎಂದಿತ್ತು. ಪೈಪು ಹಿಡಿದು ನೋಡಿದಾಗ ಒಂದು ಮೂಲೆಯಲ್ಲಿ ಅಂಗೈಯಗಲ ನೀರು ನಿಂತಿತು; ಅಂಥ ಜಾಗದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿಗೆ (ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಪೊರೆ ಇರುವ ಬೀಜಕ್ಕೆ) ಬೂಸ್ಟು ಹಿಡಿಯುವುದು ಬೆಳೆಗಾರರಿಗೆಲ್ಲ ಗೊತ್ತು. ಗುತ್ತಿಗೆದಾರರು ವಾದಿಸದೆ ಸರಿಪಡಿಸಿಕೊಟ್ಟರು.

ಕೊರತೆಗಳೂ ಇವೆ. ‘ಮಳೆಗಾಲಕ್ಕೆ ಮುಂಚೆ’ ಎಂದಷ್ಟೇ ಗಡುವು ಬರೆದಿದ್ದರು; ಕಾಫಿ ಗಿಡದಲ್ಲಿ ಹೂ ಅರಳಿಸುವ ಮಾರ್ಚ್ ಏಪ್ರಿಲ್ ತಿಂಗಳ ಹೂಮಳೆಗೆ ಕೆಲಸ ನಿಂತರೆ ಆ ದಿನಗಳು ಯಾರ ಲೆಕ್ಕಕ್ಕೆ ಎಂಬುದು ಇರಲಿಲ್ಲ. ಮೊದಲು ಕೊಟ್ಟ ಪ್ರತಿ ಇಂಗ್ಲಿಷಿನಲ್ಲಿತ್ತು. ಕೇಳಿದ ಮೇಲೆ ಕನ್ನಡದಲ್ಲಿ ಕೊಟ್ಟರಾದರೂ, ದಿನವೂ ಅದನ್ನು ನೋಡಿಕೊಂಡು ಕೆಲಸ ಮಾಡಿಸಬೇಕಾದವರು ಮೇಸ್ತ್ರಿಯಾದ್ದರಿಂದ ಕನ್ನಡದ ಪ್ರತಿಯನ್ನು ಕೆಲಸ ಆರಂಭವಾಗುವ ದಿನವೇ ಅವರ ಕೈಗೆ ಕೊಡುವ ಪದ್ಧತಿಯನ್ನು ಕಚೇರಿ ಇಟ್ಟುಕೊಳ್ಳಬೇಕು.