ಹುತಾತ್ಮ ಯೋಧರ ನೆನಪಿನ ಮರ: ಉಡುಪಿಯ ನರ್ಸರಿಯೊಂದರ ನೆಡುವ ಸೇವೆ ಹೇಗಿದೆ?

ಉಡುಪಿ ಬದಿಯ ಈ ನರ್ಸರಿಯವರು ಹುತಾತ್ಮ ಯೋಧರ ಹೆಸರಿನಲ್ಲಿ ಗಿಡ ನೆಟ್ಟು, ಎರಡು ಬೇಸಿಗೆ ನೀರು ಹಾಕಿ ಒಪ್ಪಿಸುತ್ತಾರೆ. ಗಿಡದ ಆಯ್ಕೆಗೆ ಪೂರ್ಣ ಅಂಕ. ಗುಲ್‌ಮೊಹರ್ ಕೇಳಿದರೂ ರೆಂಜೆ (ಬಕುಳ) ಇಲ್ಲವೇ ಸುರಹೊನ್ನೆಯನ್ನೇ ಕೊಡುತ್ತಾರೆ. ಗುಲ್‌ಮೊಹರ್ ಕೊಂಬೆ ಮಳೆಗಾಲದ ಗಾಳಿಗೆ ಮುರಿಯುತ್ತದೆ. ಇವೆರಡು ಉಪ್ಪುಗಾಳಿಯನ್ನೂ ತಾಳಿ ತಲೆಮಾರುಗಟ್ಟಲೆ ನಿಲ್ಲುತ್ತವೆ. ಬೆಳವಣಿಗೆ ನಿಧಾನ, ಅದನ್ನು ಯೋಧರ ಮನೆಯವರಿಗೆ ಮೊದಲೇ ಹೇಳಬೇಕು.

ಗುಂಡಿಯ ಕೆಲಸ ಅಚ್ಚುಕಟ್ಟು. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಉದ್ದ, ಅಗಲ, ಆಳ ಮೂರೂ 3 ಅಡಿ ಬೇಕೇ ಬೇಕು. ಇವರು ತಳವನ್ನೂ ಹಾರೆಯಿಂದ ಒಡೆದು ಬಿಡುತ್ತಾರೆ. ಒಡೆಯದಿದ್ದರೆ ಗುಂಡಿಯಲ್ಲಿ ನೀರು ನಿಂತು ಜುಲೈಯಲ್ಲೇ ಬೇರು ಕೊಳೆಯುತ್ತದೆ. ಮೇಲ್ಮಣ್ಣಿಗೆ 15 ಕಿಲೋ ಹಳೆಯ ಹಟ್ಟಿಗೊಬ್ಬರ, ಗೆದ್ದಲಿನ ಕಾಟ ತಗ್ಗಿಸಲು ಅರ್ಧ ಕಿಲೋ ಬೇವಿನ ಹಿಂಡಿ. ಗಿಡ ಬೆಳೆಸಿದ ಪ್ಲಾಸ್ಟಿಕ್ ತೊಟ್ಟೆಯೊಳಗೆ ಸುರುಳಿ ಸುತ್ತಿದ ಬೇರನ್ನು ಬಿಡಿಸಿಯೇ ನೆಡುತ್ತಾರೆ. ಈ ಒಂದು ಹೆಜ್ಜೆ ತಪ್ಪಿದರೆ ಮರ ದೊಡ್ಡದಾದ ಮೇಲೆ ಬುಡಸಮೇತ ಉರುಳಬಹುದು. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ನೆಡುವುದಾದರೆ ಮಳೆನೀರು ನಿಲ್ಲದಂತೆ ಬುಡಕ್ಕೆ ಅರ್ಧ ಅಡಿ ದಿಬ್ಬ ಮಾಡಿಸಿ.

ಬೇಸರದ ವಿಷಯ ಎರಡು. ಬುಡಕ್ಕೆ ಒತ್ತಿ ಸಿಮೆಂಟ್ ಕಟ್ಟೆ ಕಟ್ಟುತ್ತಾರೆ. ಕನಿಷ್ಠ 4 ಅಡಿ ಬಿಡಲು ಪಟ್ಟು ಹಿಡಿಯಿರಿ. ಯೋಧನ ನಾಮಫಲಕವನ್ನು ಕಾಂಡಕ್ಕೇ ಮೊಳೆ ಹೊಡೆಯುತ್ತಾರೆ. ಗಾಯದಿಂದ ಹುಳು ಹೊಕ್ಕು, ಕೆಲವೇ ವರ್ಷಗಳಲ್ಲಿ ತೊಗಟೆ ಬೆಳೆದು ಆ ಹೆಸರನ್ನೇ ನುಂಗಿಬಿಡುತ್ತದೆ. ಪಕ್ಕದಲ್ಲಿ ಕಪ್ಪು ಶಿಲೆ ನೆಟ್ಟು ಕೆತ್ತಿಸಿ.